ನವಿಲು ತಿಂದದ್ದು ಯಾರ ಲೆಕ್ಕಕ್ಕೆ?

ಇಂದಿನ ಚಿಂತನೆಗೆ ತೆಗೆದುಕೊಂಡ ಪ್ರಶ್ನೆ ನೋಡಲು ಚಿಕ್ಕದು. ಪಂಚಶೀಲ ಸ್ವೀಕರಿಸಿದವರು ಹಿತ್ತಲಿಗೆ ಬಂದ ನವಿಲನ್ನು ಓಡಿಸಬಹುದೇ? ಓಡಿಸಿದರೆ ಮೊದಲನೆಯ ಶೀಲಕ್ಕೆ ಭಂಗ ಬರುತ್ತದೆಯೇ? ಸುಮ್ಮನೆ ಬಿಟ್ಟರೆ ಅದು ಮೈತ್ರಿಯೇ?

ನಮ್ಮ ಬಳಗದ ಭಾನುವಾರದ ಸಭೆಯಲ್ಲಿ ಒಬ್ಬ ತಾಯಿ ಈ ಪ್ರಶ್ನೆ ಎತ್ತಿದಾಗ ಕೆಲವರು ನಕ್ಕರು. ನಮ್ಮ ಜನರ ಮೇಲೆ ದಿನಬೆಳಗಾದರೆ ದೌರ್ಜನ್ಯ ನಡೆಯುತ್ತಿರುವಾಗ ನವಿಲಿನ ವಿಚಾರ ಯಾಕೆ ಎಂದರು. ಆ ನಗುವಿಗೂ ಕಾರಣವಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರನ್ನು ಕುಡಿದರು. ಆ ಕೆರೆಯಲ್ಲಿ ದನಕರುಗಳು ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. ಇರುವೆ ಗೂಡಿಗೆ ಸಕ್ಕರೆ ಹಾಕುವ ಊರಿನಲ್ಲೇ ಮನುಷ್ಯರ ಬೊಗಸೆಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಆದ್ದರಿಂದ ಪ್ರಾಣಿದಯೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮವರಿಗೆ ಅನುಮಾನ ಬರುತ್ತದೆ. ಬರಬೇಕಾದ್ದೇ.

ಆದರೆ ಅನುಮಾನ ಬಂತೆಂದು ಪ್ರಶ್ನೆಯನ್ನೇ ಕೈಬಿಡಲಾಗದು. ನಾವು ತೆಗೆದುಕೊಂಡ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವನ್ನು ಕಾಪಾಡುವ ಪ್ರತಿಜ್ಞೆಯೂ ಒಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅದನ್ನು ಹೇಳಿಸಿದವರು ಮಹಾಡವನ್ನು ಮರೆತಿರಲಿಲ್ಲ. ಹಾಗಾದರೆ ಮಹಾಡದ ಮೇಲ್ಜಾತಿಯವರ ಪ್ರಾಣಿದಯೆಗೂ ಬಾಬಾಸಾಹೇಬರು ನಮಗೆ ಕೊಟ್ಟ ಮೈತ್ರಿಗೂ ವ್ಯತ್ಯಾಸ ಎಲ್ಲಿದೆ? ನವಿಲನ್ನೇ ಮುಂದಿಟ್ಟುಕೊಂಡು ನೋಡೋಣ.

*ಹಿತ್ತಲಿಗೆ ಬರುವ ಹಕ್ಕಿ*

ನಾನು ಚಾಮರಾಜನಗರ ಜಿಲ್ಲೆಯವನು. 30 ವರ್ಷ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಊರಂಚಿನಲ್ಲಿ ಮನೆ, ಮನೆಯ ಹಿಂದೆ 2 ಗುಂಟೆ ಹಿತ್ತಲು. ದಂಟು, ಮೆಂತ್ಯ, ಟೊಮ್ಯಾಟೊ, ಮೆಣಸಿನಕಾಯಿ, ಚಪ್ಪರದ ಅವರೆ ಬೆಳೆಯುತ್ತೇನೆ. ನಾನು ಚಿಕ್ಕವನಾಗಿದ್ದಾಗ ನವಿಲು ನೋಡಬೇಕೆಂದರೆ ಗುಡ್ಡದ ಕಡೆ ಹೋಗಬೇಕಿತ್ತು. ಈಗ ಬೆಳಿಗ್ಗೆ ಬಾಗಿಲು ತೆಗೆದರೆ ಕಾಂಪೌಂಡಿನ ಮೇಲೆ ಕುಳಿತಿರುತ್ತವೆ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ ಕೂಡ ನವಿಲನ್ನು ಸಂಖ್ಯೆ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ಇಟ್ಟಿದೆ.

ನವಿಲು ಏನೇನು ತಿನ್ನುತ್ತದೆ ಎಂದು ಹಿತ್ತಲು ಇರುವವರಿಗೆ ಹೇಳಬೇಕಾಗಿಲ್ಲ. ಬಿತ್ತಿದ ಕಾಳನ್ನು ಕೆದರಿ ಹೆಕ್ಕುತ್ತದೆ. ಮೊಳಕೆಯ ಕುಡಿ ಚಿವುಟುತ್ತದೆ. ಟೊಮ್ಯಾಟೊ ಕೆಂಪಾಗುವ ದಿನ ನಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ಕಡಲೆಕಾಯಿ, ಮೆಣಸಿನಕಾಯಿ, ಹೂವು ಯಾವುದನ್ನೂ ಬಿಡುವುದಿಲ್ಲ. ತಿನ್ನುವುದಕ್ಕಿಂತ ಹೆಚ್ಚು ಹಾಳಾಗುವುದು ಅದರ ಧೂಳು ಸ್ನಾನದಿಂದ. ಹದ ಮಾಡಿದ ಸಡಿಲ ಮಣ್ಣು ಕಂಡರೆ ಅಲ್ಲೇ ಗುಳಿ ತೋಡಿ ಮೈಯೆಲ್ಲಾ ಮಣ್ಣಾಗುವಂತೆ ಹೊರಳುತ್ತದೆ. ಹೊರಳಿ ಎದ್ದರೆ ಅರ್ಧ ಮಡಿ ಹೋಗಿರುತ್ತದೆ. ಗಂಡು ನವಿಲು ಕಾರಿನ ಗಾಜಿನಲ್ಲಿ ತನ್ನ ನೆರಳನ್ನೇ ಎದುರಾಳಿ ಎಂದು ತಿಳಿದು ಕುಕ್ಕುತ್ತದೆ. ಮಳೆಗಾಲ ಬಂದರೆ ನಸುಕಿನಲ್ಲೇ ಅದರ ಕೂಗು ಶುರು.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಇದೇ ಹಕ್ಕಿ ಮಿಡತೆ, ಗೆದ್ದಲು, ಹುಳುಹುಪ್ಪಟೆ ತಿನ್ನುತ್ತದೆ, ಸಣ್ಣ ಹಾವನ್ನೂ ಬಿಡುವುದಿಲ್ಲ. ಅದು ನಮ್ಮ ಹಿತ್ತಲಿಗೆ ಬಂದದ್ದು ಸುಮ್ಮನೆ ಅಲ್ಲ. ಊರ ಸುತ್ತಲಿನ ಗೋಮಾಳ, ಕುರುಚಲು ಕಾಡು ಸೈಟುಗಳಾಗಿವೆ, ಕೆಲವು ಕಡೆ ಕಲ್ಲು ಕ್ವಾರಿಗಳಾಗಿವೆ. ಅದು ನಮ್ಮ ಜಾಗಕ್ಕೆ ಬಂತು ಎನ್ನುವ ಮೊದಲು ಅದರ ಜಾಗಕ್ಕೆ ಯಾರು ಹೋದರು ಎಂಬುದೂ ಲೆಕ್ಕದಲ್ಲಿರಬೇಕು.

*ಪ್ರಶ್ನೆ ಕೇಳಿದ ತಾಯಿಯ ಲೆಕ್ಕ*

ಸಭೆಯಲ್ಲಿ ಪ್ರಶ್ನೆ ಎತ್ತಿದ ತಾಯಿ ನಮ್ಮ ಬೀದಿಯವರೇ. ಬಡಾವಣೆಯ ಪಕ್ಕದಲ್ಲಿ ಬೇರೆಯವರ 5 ಗುಂಟೆ ಜಾಗವನ್ನು ಗುತ್ತಿಗೆಗೆ ಹಿಡಿದು ಸೊಪ್ಪು ಬೆಳೆಯುತ್ತಾರೆ. ನಸುಕಿನಲ್ಲಿ ಕಿತ್ತು, ಕಟ್ಟು ಕಟ್ಟಿ, ಬುಟ್ಟಿಯಲ್ಲಿ ಹೊತ್ತು ಸಂತೆಬೀದಿಯಲ್ಲಿ ಮಾರುತ್ತಾರೆ. ನನ್ನ ಹಿತ್ತಲಿಗೆ ನವಿಲು ಬಂದರೆ ನಾನು ಅಂಗಡಿಯಿಂದ ಸೊಪ್ಪು ತರುತ್ತೇನೆ, ಅಷ್ಟೇ. ಅವರ ಮಡಿಗೆ ನವಿಲು ಬಂದರೆ ಆ ವಾರದ ಸಂಪಾದನೆ ಹೋಯಿತು.

ಅವರ ಜಾಗದ ಎದುರಿಗೆ ಒಂದು ಎರಡು ಅಂತಸ್ತಿನ ಮನೆ ಇದೆ. ಮನೆಯ ಯಜಮಾನರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಸಜ್ಜನರು. ದಿನಾ ಬೆಳಿಗ್ಗೆ ತಾರಸಿಯ ಮೇಲೆ ನವಿಲುಗಳಿಗೆ ಅಕ್ಕಿ, ಗೋಧಿ ಹಾಕುತ್ತಾರೆ. ಹತ್ತು ಹನ್ನೆರಡು ನವಿಲು ಬರುತ್ತವೆ. ವಿಡಿಯೊ ತೆಗೆದು ಎಲ್ಲರಿಗೂ ಕಳಿಸುತ್ತಾರೆ. ನೋಡಿದವರು ಎಂಥಾ ಪುಣ್ಯವಂತರು ಎನ್ನುತ್ತಾರೆ. ತಾರಸಿಯಲ್ಲಿ ಕಾಳು ಮುಗಿದ ಮೇಲೆ ಹಕ್ಕಿಗಳು ಎಲ್ಲಿ ಇಳಿಯುತ್ತವೆ ಎಂಬುದು ವಿಡಿಯೊದಲ್ಲಿ ಬರುವುದಿಲ್ಲ. ಅವು ಇಳಿಯುವುದು ಎದುರಿಗೇ ಇರುವ ಸೊಪ್ಪಿನ ಮಡಿಗೆ.

ಸಭೆ ಮುಗಿದ ಮೇಲೆ ಆ ತಾಯಿ ನನ್ನ ಹತ್ತಿರ ಬಂದು ಹೇಳಿದರು: "ಬಡ್ಡಿಗೆ ದುಡ್ಡು ತಂದು ಬೀಜ ಹಾಕಿವ್ನಿ ಮೇಷ್ಟ್ರೇ. ಸಾಹೇಬ್ರ ಮಾಳ್ಗೇಲಿ ಉಂಡ್ಬುಟ್ಟು ನನ್ ಮಡೀಲಿ ಕೆರೀತವೆ. ಒಂದ್ ಕಲ್ ಎತ್ಕಂಡ್ರೆ ಅಲ್ಲಿಂದ್ಲೇ ಕೂಗ್ತಾರೆ, ರಾಷ್ಟ್ರಪಕ್ಷಿಗೆ ಹೊಡೀತೀಯಾ, ಪೊಲೀಸ್‌ಗೆ ಹೇಳ್ತೀನಿ ಅಂತ. ಪುಣ್ಯ ಅವ್ರಿಗೆ. ನೌಲ್ ತಿಂದದ್ದು ಯಾರ ಲೆಕ್ಕುಕ್ ಬತ್ತದೆ?"

ಬಂಧುಗಳೇ, ಇಡೀ ಪ್ರಶ್ನೆ ಈ ಒಂದು ಮಾತಿನಲ್ಲಿದೆ. ಓಡಿಸಬಹುದೋ ಬಾರದೋ ಎನ್ನುವುದು ಅದರ ತುದಿ ಮಾತ್ರ.

ಅವರ ಮಗನ ಮಾತು ಬೇರೆ ಇತ್ತು. "ಒಂದ್ ಹಿಡಿ ಮುಸುಕಿನ ಜೋಳಕ್ಕೆ ಔಷಧಿ ಕಲ್ಸಿ ಇಟ್ಬುಟ್ರೆ ಮೂರ್ ದಿನ್ದಲ್ಲಿ ಮುಗೀತದೆ ಸಾ" ಎಂದ. ಆ ಹುಡುಗ ಕೆಟ್ಟವನಲ್ಲ. ತಾಯಿ ರಾತ್ರಿ ಲೆಕ್ಕ ಹಾಕುತ್ತಾ ಕೂರುವುದನ್ನು ದಿನಾ ನೋಡುತ್ತಿದ್ದಾನೆ. ಅವನಿಗೆ ನಾವು ಏನು ಹೇಳಬೇಕು ಎನ್ನುವುದೇ ನಮ್ಮ ಧಮ್ಮದ ಪರೀಕ್ಷೆ.

*ಕೊಲ್ಲುವ ಇಚ್ಛೆ, ಕೊಲ್ಲುವ ಅಗತ್ಯ*

ಕಾನೂನು ಏನು ಹೇಳುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು, ಯಾಕೆಂದರೆ ಸಿಕ್ಕಿಬೀಳುವುದು ಬಡವರ ಮಕ್ಕಳು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕೊಲ್ಲುವುದು ಮಾತ್ರವಲ್ಲ, ಗಾಯ ಮಾಡುವುದು, ಉರುಳು ಒಡ್ಡುವುದು, ವಿಷ ಇಡುವುದು, ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಎಲ್ಲವೂ ಆ ಕಾಯ್ದೆಯಲ್ಲಿ ಬೇಟೆಯೇ. ಶಿಕ್ಷೆ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ನಾನು ಆ ಹುಡುಗನಿಗೆ ಇದನ್ನು ಹೇಳಿದೆ. ಆದರೆ ಜೈಲಿನ ಭಯದಿಂದ ಕೊಲ್ಲದೆ ಇದ್ದರೆ ಅದು ಶೀಲ ಆಗುವುದಿಲ್ಲ. ಭಯ ಹೋದ ದಿನ ಕೈ ಮತ್ತೆ ವಿಷದ ಡಬ್ಬಕ್ಕೆ ಹೋಗುತ್ತದೆ.

ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಅಹಿಂಸೆಯ ಬಗ್ಗೆ ವಿವರವಾಗಿ ಚರ್ಚಿಸಿದ್ದಾರೆ. ಬುದ್ಧರು ಅಹಿಂಸೆಯನ್ನು ಕಣ್ಣುಮುಚ್ಚಿ ಪಾಲಿಸುವ ನಿಯಮವಾಗಿ ಕೊಡಲಿಲ್ಲ, ಯೋಚಿಸಿ ನಡೆಯಬೇಕಾದ ತತ್ವವಾಗಿ ಕೊಟ್ಟರು ಎನ್ನುವುದು ಅವರ ವಿವರಣೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಅವರು ಬಿಡಿಸಿ ತೋರಿಸಿದರು. ಯಾವ ಜೀವವನ್ನೂ ಯಾವ ಕಾರಣಕ್ಕೂ ಮುಟ್ಟಬಾರದು ಎನ್ನುವವರಿಂದಲೂ, ಯಜ್ಞದ ಹೆಸರಿನಲ್ಲಿ ಕೊಂದರೆ ಪಾಪವಿಲ್ಲ ಎನ್ನುವವರಿಂದಲೂ ಬುದ್ಧರು ದೂರ ನಿಂತದ್ದು ಇಲ್ಲಿಯೇ.

ಈ ಅಳತೆಗೋಲನ್ನು ಸೊಪ್ಪಿನ ಮಡಿಗೆ ತರೋಣ. ಇಲ್ಲಿ ನವಿಲನ್ನು ಕೊಲ್ಲುವ ಅಗತ್ಯ ಇದೆಯೇ? 5 ಗುಂಟೆಗೆ ಬಲೆ ಹಾಕಿದರೆ ಬೆಳೆ ಉಳಿಯುತ್ತದೆ. ಬೇರೆ ದಾರಿ ಕಣ್ಣೆದುರಿಗೇ ಇರುವಾಗ ಅಗತ್ಯ ಎಂಬ ಮಾತು ನಿಲ್ಲುವುದಿಲ್ಲ. ಉಳಿಯುವುದು ಇಚ್ಛೆ ಮಾತ್ರ. ವಿಷ ಇಡುವುದಂತೂ ಕೋಪದಲ್ಲಿ ಎಸೆದ ಕಲ್ಲಿನಂತಲ್ಲ. ರಾತ್ರಿ ಯೋಚಿಸಿ, ಕಲಸಿ, ಬಚ್ಚಿಟ್ಟು ಕಾಯಬೇಕು. ವಿಷ ಹಕ್ಕಿಯ ಹೆಸರು ಕೇಳುವುದಿಲ್ಲ. ಮೈನಾ, ಗುಬ್ಬಿ, ಕಾಗೆ ತಿನ್ನುತ್ತವೆ. ಸತ್ತ ಹಕ್ಕಿಯನ್ನು ಬೀದಿ ನಾಯಿ ಎಳೆದೊಯ್ಯುತ್ತದೆ. ಅದೇ ಮಡಿಯ ಸೊಪ್ಪನ್ನು ನಾಳೆ ಯಾರದೋ ಮನೆಯ ಮಗು ಉಣ್ಣುತ್ತದೆ. ಇದೆಲ್ಲವನ್ನೂ ಹುಡುಗನ ಮುಂದೆ ಇಟ್ಟಾಗ ಅವನು ಸುಮ್ಮನಾದ.

ಆದರೆ ಅವನಿಗೆ "ಕೊಲ್ಲಬೇಡ ಮಗ" ಎಂದು ಹೇಳಿ ನಾನು ಮನೆಗೆ ಬಂದು ಮಲಗಿದರೆ ಅದು ಧಮ್ಮ ಆಗುತ್ತದೆಯೇ? ನನ್ನ ಅಹಿಂಸೆಗೆ ಅವನ ತಾಯಿ ಬಡ್ಡಿ ಕಟ್ಟಬೇಕಾಗುತ್ತದೆ. ಬಲೆ ಇದ್ದರೆ ಕೊಲ್ಲುವ ಅಗತ್ಯವಿಲ್ಲ ಎಂದು ಈಗಷ್ಟೇ ಹೇಳಿದೆ. ಬಲೆ ಕೊಳ್ಳಲು ದುಡ್ಡಿಲ್ಲದವರ ಮುಂದೆ ಆ ವಾದ ಅರ್ಧ ಮಾತ್ರ ನಿಜ. ಕೊಲ್ಲದೆ ಬದುಕುವ ದಾರಿ ಇನ್ನೊಬ್ಬರ ಕೈಗೆ ಎಟುಕುವಂತೆ ಮಾಡುವುದೂ ಮೊದಲನೆಯ ಶೀಲಕ್ಕೆ ಸೇರಿದ್ದು ಎಂದು ನಾನು ತಿಳಿದಿದ್ದೇನೆ.

*ಕರುಣೆಯನ್ನು ದಾಟಿ ಮೈತ್ರಿ*

ಬಾಬಾಸಾಹೇಬರು ಕರುಣೆ ಮತ್ತು ಮೈತ್ರಿಯ ನಡುವೆ ಒಂದು ವ್ಯತ್ಯಾಸ ಹೇಳುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಬುದ್ಧರು ಅಲ್ಲಿಗೆ ನಿಲ್ಲದೆ ಎಲ್ಲ ಜೀವಿಗಳ ಮೇಲಿನ ಪ್ರೀತಿಯನ್ನು, ಅಂದರೆ ಮೈತ್ರಿಯನ್ನು ಬೋಧಿಸಿದರು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೆಜ್ಜೆಗಳ ಕ್ರಮ. ಮೈತ್ರಿಗೆ ಹೋಗುವ ದಾರಿ ಕರುಣೆಯ ಮೇಲೆಯೇ ಹಾಯುತ್ತದೆ. ಎದುರಿಗೆ ಸೊಪ್ಪು ಕೀಳುತ್ತಿರುವ ಹೆಂಗಸು ಕಣ್ಣಿಗೆ ಬೀಳದೆ ಅವಳ ಮಡಿಯಲ್ಲಿರುವ ನವಿಲು ಮಾತ್ರ ಕಂಡರೆ ಅಲ್ಲಿ ಒಂದು ಮೆಟ್ಟಿಲು ತಪ್ಪಿದೆ. ಮಹಾಡದಲ್ಲಿ ತಪ್ಪಿದ್ದ ಮೆಟ್ಟಿಲೂ ಅದೇ.

ಇದರ ಜೊತೆಗೆ ಇನ್ನೊಂದು ಮಾತು. ನವಿಲಿಗೆ ನಮ್ಮ ಸಮಾಜ ಕೊಡುವ ಮರ್ಯಾದೆ ಅದೊಂದು ಜೀವ ಎಂಬ ಕಾರಣಕ್ಕೆ ಕೊಟ್ಟದ್ದಲ್ಲ. ಅದು ಚೆಂದ ಇದೆ, ದೇವರ ವಾಹನ, ಪವಿತ್ರ ಎಂಬ ಕಾರಣಕ್ಕೆ. ಗಂಡು ನವಿಲಿನ ಕಣ್ಣೀರು ಕುಡಿದು ಹೆಣ್ಣು ನವಿಲು ಬಸುರಾಗುತ್ತದೆ, ಅದಕ್ಕೇ ಅದು ಬ್ರಹ್ಮಚಾರಿ ಎಂದು 2017ರಲ್ಲಿ ಒಬ್ಬ ಹೈಕೋರ್ಟ್ ನ್ಯಾಯಾಧೀಶರೇ ಹೇಳಿ ದೇಶವೆಲ್ಲ ಸುದ್ದಿಯಾಯಿತು. ಇದು ಶುದ್ಧ ಸುಳ್ಳು. ನವಿಲು ಉಳಿದ ಹಕ್ಕಿಗಳ ಹಾಗೆಯೇ ಕೂಡುತ್ತದೆ, ನೆಲದ ಮೇಲೆ ಪೊದೆಯ ಮರೆಯಲ್ಲಿ ಮೊಟ್ಟೆ ಇಟ್ಟು, ಹೆಣ್ಣು ಸುಮಾರು 28 ದಿನ ಕಾವು ಕೊಟ್ಟು ಮರಿ ಮಾಡುತ್ತದೆ. ಒಂದು ಹಕ್ಕಿಯನ್ನು ಉಳಿಸಲು ಅದನ್ನು ಪವಿತ್ರ ಮಾಡಬೇಕಾದ ಮನಸ್ಸೇ ಇನ್ನೊಂದು ಹಕ್ಕಿಯನ್ನು ಅಪಶಕುನ ಎನ್ನುತ್ತದೆ. ಒಂದೇ ತಾರಸಿಯಲ್ಲಿ ನವಿಲಿಗೆ ಗೋಧಿ, ಕಾಗೆಗೆ ಕೋಲು. ಹುಟ್ಟಿನಿಂದ ಮೇಲು ಕೀಳು ಎಣಿಸುವ ರೋಗ ಹಕ್ಕಿಗಳವರೆಗೂ ಹೋಗಿದೆ. ನಾವು ಆ ಏಣಿಯಿಂದ ಇಳಿದು ಬಂದವರು. ನಮಗೆ ನವಿಲು ಹೆಚ್ಚಲ್ಲ, ಕಾಗೆ ಕಡಿಮೆಯಲ್ಲ. ಎರಡಕ್ಕೂ ಹಸಿವಿದೆ, ಎರಡಕ್ಕೂ ನೋವಾಗುತ್ತದೆ. ಅಷ್ಟು ಸಾಕು.

*ನಿವಾಪ ಎಂಬ ಪದ*

ಪಾಲಿ ಭಾಷೆಯಲ್ಲಿ ನವಿಲಿಗೆ ಮೋರ ಎನ್ನುತ್ತಾರೆ. ರಾಜಗೃಹದ ಹತ್ತಿರ ಮೋರನಿವಾಪ ಎಂಬ ಜಾಗವಿತ್ತು. ನವಿಲುಗಳಿಗೆ ಮೇವು ಇಡುವ ಜಾಗ ಎಂದು ಅರ್ಥ. ಅಲ್ಲಿ ಪರಿವ್ರಾಜಕರ ಆರಾಮವಿತ್ತು, ಬುದ್ಧರು ಅಲ್ಲಿಗೆ ಹೋಗಿ ಅವರೊಡನೆ ಮಾತನಾಡಿದ ಪ್ರಸಂಗ ಮಜ್ಝಿಮ ನಿಕಾಯದಲ್ಲಿದೆ. ಬುದ್ಧರು ವಾಸವಿದ್ದ ವೇಳುವನದಲ್ಲೂ ಅಳಿಲುಗಳಿಗೆ ಮೇವು ಇಡುವ ಜಾಗವಿತ್ತು, ಅದಕ್ಕೆ ಕಲಂದಕನಿವಾಪ ಎಂದು ಹೆಸರು. ಹಕ್ಕಿ, ಅಳಿಲುಗಳಿಗೆ ಕಾಳು ಹಾಕುವುದು ಧಮ್ಮಕ್ಕೆ ಹೊಸದಲ್ಲ ಎಂದಾಯಿತು.

ಅದೇ ಮಜ್ಝಿಮ ನಿಕಾಯದಲ್ಲಿ ನಿವಾಪ ಸುತ್ತ ಎಂಬ ಇನ್ನೊಂದು ಉಪದೇಶವಿದೆ. ಅಲ್ಲಿ ನಿವಾಪ ಎಂದರೆ ಬೇಟೆಗಾರ ಜಿಂಕೆಗಳಿಗೆ ಹಾಕುವ ಮೇವು. ಅವನು ಮೇವು ಹಾಕುವುದು ಜಿಂಕೆ ಚೆನ್ನಾಗಿ ಬಾಳಲಿ ಎಂದಲ್ಲ, ಮೈಮರೆತು ತಿನ್ನಲಿ, ಆಮೇಲೆ ಹಿಡಿಯೋಣ ಎಂದು. ಪದ ಒಂದೇ, ಕಾಳೂ ಒಂದೇ, ಹಾಕುವವರ ಮನಸ್ಸು ಬೇರೆ. ಹುಡುಗ ಇಡಬೇಕೆಂದಿದ್ದ ಜೋಳ ಈ ಎರಡನೆಯ ಬಗೆಯದು.

ತಾರಸಿಯ ಮೇಲಿನ ಗೋಧಿ ಯಾವ ಬಗೆಯದು? ಕೊಲ್ಲುವ ಉದ್ದೇಶ ಅಲ್ಲಿಲ್ಲ, ಅದು ಖಂಡಿತ. ಆದರೆ ದಿನಾ ಕಾಳು ಸಿಗುವ ಕಡೆ ಹಕ್ಕಿಗಳು ಗುಂಪುಗೂಡುತ್ತವೆ, ಮನುಷ್ಯರ ಭಯ ಕಳೆದುಕೊಳ್ಳುತ್ತವೆ. ಭಯ ಕಳೆದುಕೊಂಡ ಹಕ್ಕಿಯೇ ಬೀದಿ ನಾಯಿಗೆ, ವಾಹನಕ್ಕೆ, ಯಾರೋ ಇಟ್ಟ ವಿಷಕ್ಕೆ ಮೊದಲು ಸಿಗುವುದು. ಮೇವು ಇಟ್ಟವರ ಮನಸ್ಸಿನಲ್ಲಿ ಪ್ರೀತಿಯೇ ಇದ್ದರೂ ಮುಂದೆ ಆಗುವುದನ್ನು ನೋಡದಿದ್ದರೆ ಆ ಪ್ರೀತಿಯಲ್ಲಿ ಪ್ರಜ್ಞೆ ಇಲ್ಲ. ಪ್ರಜ್ಞೆ, ಶೀಲ, ಕರುಣೆ ಮೂರೂ ಒಟ್ಟಿಗೆ ಇರಬೇಕು ಎನ್ನುವುದು ಇದಕ್ಕೇ.

*ಅಶೋಕನ ಅಡುಗೆಮನೆ*

ಸಮ್ರಾಟ ಅಶೋಕನ ಹೆಸರನ್ನು ನಮ್ಮ ನಾಡಿನ ಮಸ್ಕಿ, ಸಿದ್ದಾಪುರ, ಬ್ರಹ್ಮಗಿರಿ, ಸನ್ನತಿಯ ಶಾಸನಗಳಿಂದ ಬಲ್ಲೆವು. ಅವನ ಮೊದಲನೆಯ ದೊಡ್ಡ ಶಿಲಾಶಾಸನ ಗಿರ್ನಾರ್, ಧೌಲಿಗಳಲ್ಲಿದೆ, ನಮ್ಮ ಗಡಿಯಾಚೆ ಕರ್ನೂಲು ಜಿಲ್ಲೆಯ ಯರ್ರಗುಡಿಯಲ್ಲೂ ಇದೆ. ಅದರಲ್ಲಿ ನವಿಲಿನ ಪ್ರಸ್ತಾಪ ಬರುತ್ತದೆ. ಮೊದಲು ರಾಜನ ಅಡುಗೆಮನೆಯಲ್ಲಿ ದಿನಾ ಲಕ್ಷಾಂತರ ಪ್ರಾಣಿಗಳನ್ನು ಸಾರಿಗಾಗಿ ಕೊಲ್ಲುತ್ತಿದ್ದರು. ಶಾಸನ ಬರೆಸುವ ಹೊತ್ತಿಗೆ ಮೂರು ಮಾತ್ರ ಉಳಿದಿವೆ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂದು ಹೇಳುತ್ತಾನೆ.

ಇದನ್ನು ಓದಿದಾಗೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಲೆಕ್ಕದ ಮೇಲೆ. ಅದೇ ಶಾಸನದಲ್ಲಿ ಪ್ರಾಣಿಬಲಿ ಕೂಡದು ಎಂದು ಜನರಿಗೆ ಆದೇಶವೂ ಇದೆ. ಆದರೆ ಚಕ್ರವರ್ತಿಯಾದವನು ಆದೇಶ ಕೊಟ್ಟು ಸುಮ್ಮನಾಗಲಿಲ್ಲ. ತನ್ನ ತಟ್ಟೆಗೆ ಇನ್ನೂ ಎಷ್ಟು ಜೀವ ಬೀಳುತ್ತಿದೆ ಎಂಬುದನ್ನು ಪ್ರಜೆಗಳೆಲ್ಲ ಓದುವಂತೆ ಬಂಡೆಯ ಮೇಲೆ ಕೊರೆಸಿದ. ದಯೆಯ ಖರ್ಚನ್ನು ತನ್ನ ಅಡುಗೆಮನೆಯ ಲೆಕ್ಕದಲ್ಲೂ ಬರೆದುಕೊಂಡ. ಆ ಸೊಪ್ಪಿನ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ. ನವಿಲಿಗೆ ಅನ್ನ ಇಡುವವನು ತನ್ನ ಪಾಲಿನಿಂದ ಇಡಬೇಕು. ಇನ್ನೊಬ್ಬರ ಪಾಲಿನಿಂದ ಇಟ್ಟರೆ ಪುಣ್ಯ ಅವನದಲ್ಲ.

*ನಾವು ಏನು ಮಾಡಿದೆವು*

ಬಳಗದ ಏಳು ಜನ ಸೇರಿ ದುಡ್ಡು ಹಾಕಿ ಬಲೆ ತಂದೆವು. ಒಂದು ಭಾನುವಾರ ವಂದನೆ ಮುಗಿಸಿಕೊಂಡು ಅವರ ಮಡಿಗೆ ಹೋಗಿ ಗೂಟ ನೆಟ್ಟು, ಬಿದಿರು ಗಳ ಕಟ್ಟಿ, ಬಲೆ ಬಿಗಿದೆವು. ವಿಷದ ಮಾತಾಡಿದ್ದ ಹುಡುಗನೇ ಗುಂಡಿ ತೋಡಿದ. ಆ ತಾಯಿ ಎಲ್ಲರಿಗೂ ಟೀ ಮಾಡಿ ತಂದರು. ಅವರಿಗೆ ನಾವು ಉಪಕಾರ ಮಾಡಿದೆವು ಎಂದು ಯಾರೂ ಹೇಳಬಾರದು. ಕೊಲ್ಲಬೇಡಿ ಎಂದು ಹೇಳಿದವರು ನಾವು. ಹೇಳಿದ ಮಾತಿನ ಖರ್ಚು ನಮ್ಮದು.

ಆಮೇಲೆ ಇಬ್ಬರು ಹೋಗಿ ತಾರಸಿಯ ಯಜಮಾನರನ್ನು ಕಂಡೆವು. "ಸಾರ್, ನೀವು ಹಕ್ಕಿಗಳ ಮೇಲೆ ಪ್ರೀತಿ ಇಟ್ಟಿದ್ದೀರಿ, ಸಂತೋಷ. ಒಂದು ಸಲ ಕೆಳಗೆ ಬಂದು ಮಡಿ ನೋಡಿ" ಎಂದೆವು. ಮೊದಲು ಅವರಿಗೆ ಸಿಟ್ಟು ಬಂತು. ಇದು ಪ್ರಕೃತಿ, ಪ್ರಕೃತಿಗೆ ಯಾರು ಏನು ಮಾಡೋಕಾಗುತ್ತೆ ಎಂದರು. ದಿನಾ 2 ಕೆಜಿ ಗೋಧಿ ಬೀಳುವುದು ಪ್ರಕೃತಿ ಅಲ್ಲವಲ್ಲ ಸಾರ್ ಎಂದು ನನ್ನ ಜೊತೆಯವರು ಮೆಲ್ಲಗೆ ಹೇಳಿದರು. ಅವರು ಮಡಿಯವರೆಗೂ ಬರಲಿಲ್ಲ. ಆದರೆ ಬಿತ್ತನೆಯ ದಿನಗಳಲ್ಲಿ ಕಾಳು ಹಾಕುವುದನ್ನು ನಿಲ್ಲಿಸಿದ್ದಾರೆ. ಪೊಲೀಸರ ಹೆಸರು ಹೇಳಿ ಕೂಗುವುದೂ ನಿಂತಿದೆ.

ನವಿಲುಗಳು ಬರುವುದು ನಿಂತಿಲ್ಲ. ಬಲೆಯ ಹೊರಗಿನ ಸಾಲಿನಲ್ಲಿ ತಿನ್ನುತ್ತವೆ. ಆ ಸಾಲನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಆ ತಾಯಿಯೇ ಹೇಳಿದರು. ಹಾಗೆ ಹೇಳುವ ಹಕ್ಕು ಅವರೊಬ್ಬರಿಗೇ ಇದೆ. ನಾನೋ ನೀವೋ ಅವರ ಪರವಾಗಿ ಹೇಳುವಂತಿಲ್ಲ.

*ಹಿತ್ತಲು ಇರುವ ಬಂಧುಗಳಿಗೆ*

1. ಓಡಿಸುವುದು ಕೊಲ್ಲುವುದಲ್ಲ. ಚಪ್ಪಾಳೆ ತಟ್ಟಿ, ತಟ್ಟೆ ಬಡಿದು, ಪೈಪಿನಿಂದ ನೀರು ಚಿಮ್ಮಿಸಿ ಓಡಿಸಿ. ಕಲ್ಲು, ಕವಣೆ, ಪಟಾಕಿ ಬೇಡ. ನಾಯಿಯನ್ನು ಛೂ ಬಿಡಬೇಡಿ.

2. ಮನೆಯ ಸುತ್ತ ಕಾಳು, ಅನ್ನ, ಕೋಳಿ ಮೇವು ಚೆಲ್ಲಿರದಂತೆ ನೋಡಿಕೊಳ್ಳಿ. ಊಟ ಸಿಗದ ಕಡೆ ನವಿಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೋಡಲು ಚೆಂದ ಎಂದು ಕಾಳು ಹಾಕಿ ಕರೆಯಬೇಡಿ.

3. ಬಿತ್ತಿದ ಮಡಿಗೆ ಮೊಳಕೆ ಗಟ್ಟಿಯಾಗುವವರೆಗೆ ತೆಂಗಿನ ಗರಿ ಅಥವಾ ಮುಳ್ಳಿನ ಕಡ್ಡಿ ಹೊದಿಸಿ. ಸಡಿಲ ಮಣ್ಣು ಕಾಣದಿದ್ದರೆ ಧೂಳು ಸ್ನಾನಕ್ಕೂ ಇಳಿಯುವುದಿಲ್ಲ. ಜಾಗವಿದ್ದರೆ ಒಂದು ಮೂಲೆಯಲ್ಲಿ ಒಣ ಮಣ್ಣು ಬಿಟ್ಟುಕೊಡಿ, ಹೊರಳಿಕೊಳ್ಳಲಿ.

4. ಬಲೆ ಹಾಕುವುದಾದರೆ ಕಣ್ಣಿಗೆ ಕಾಣುವ ಬಣ್ಣದ್ದು, ಸಣ್ಣ ಕಣ್ಣಿನದು ತನ್ನಿ. ಜೋಲು ಬಿಡದೆ ಬಿಗಿಯಾಗಿ ಕಟ್ಟಿ. ಜೋತಾಡುವ ತೆಳು ಬಲೆಯಲ್ಲಿ ಹಕ್ಕಿ, ಹಾವು ಸಿಕ್ಕಿಕೊಂಡು ಸಾಯುತ್ತವೆ. ದಿನಕ್ಕೊಮ್ಮೆ ಸುತ್ತಿ ನೋಡಿ.

5. ಹೊಳೆಯುವ ಪಟ್ಟಿ, ಬೆದರುಬೊಂಬೆ ಕೆಲವು ದಿನ ಕೆಲಸ ಮಾಡುತ್ತವೆ, ಆಮೇಲೆ ಹಕ್ಕಿಗೆ ಅಭ್ಯಾಸವಾಗುತ್ತದೆ. ಜಾಗ ಬದಲಿಸುತ್ತಾ ಇರಿ. ವಾಹನದ ಕನ್ನಡಿಗೆ ಹಳೇ ಬಟ್ಟೆ ಕಟ್ಟಿ.

6. ಬೇಲಿಯ ಮರೆಯಲ್ಲಿ ಮೊಟ್ಟೆ ಕಂಡರೆ ಮುಟ್ಟಬೇಡಿ. ಒಂದು ತಿಂಗಳು ಆ ಮೂಲೆ ಅದರದು ಎಂದು ಬಿಡಿ. ಗಾಯಗೊಂಡ ನವಿಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

7. ಮಳೆಗಾಲ ಕಳೆಯುತ್ತಾ ಬಂದಂತೆ ಗಂಡು ನವಿಲು ತಾನಾಗಿಯೇ ಗರಿ ಉದುರಿಸುತ್ತದೆ. ಬಿದ್ದ ಗರಿಯನ್ನು ಮಕ್ಕಳು ಪುಸ್ತಕದಲ್ಲಿ ಇಟ್ಟುಕೊಂಡು ಮರಿ ಹಾಕುತ್ತದೆ ಎಂದು ಕಾಯಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಭಿಕ್ಖುಗಳು ಇಟ್ಟುಕೊಳ್ಳಬಹುದು ಎಂದು ವಿನಯ ಪಿಟಕ ಒಪ್ಪಿದ ಬೀಸಣಿಗೆಗಳಲ್ಲಿ ನವಿಲುಗರಿಯದೂ ಒಂದು.

*ಇಂದಿನ ಅಭ್ಯಾಸ*

ಈ ವಿಚಾರ ನವಿಲಿಗೆ ಮುಗಿಯುವುದಿಲ್ಲ. ಪಾರಿವಾಳಕ್ಕೆ ಕಾಳು ಚೆಲ್ಲುವವರು ಒಬ್ಬರು, ಅದರ ಹಿಕ್ಕೆ ಗುಡಿಸುವ ಪೌರಕಾರ್ಮಿಕರು ಇನ್ನೊಬ್ಬರು. ಬೀದಿಯಲ್ಲಿ ಅನ್ನಸಂತರ್ಪಣೆ ಮಾಡುವವರು ಒಬ್ಬರು, ಎಂಜಲೆಲೆ ಎತ್ತುವವರು ಇನ್ನೊಬ್ಬರು. ಕಾಡು ಉಳಿಯಲಿ ಎಂದು ನಗರದಲ್ಲಿ ಭಾಷಣ ಮಾಡುವವರು ಒಬ್ಬರು, ಕಾಡಿನಂಚಿನಲ್ಲಿ ರಾತ್ರಿಯಿಡೀ ಹೊಲ ಕಾಯುವವರು ಇನ್ನೊಬ್ಬರು. ಹೆಸರು ಒಂದು ಕಡೆ, ಖರ್ಚು ಇನ್ನೊಂದು ಕಡೆ. ಈ ದೇಶದಲ್ಲಿ ಆ ಖರ್ಚು ಬಹಳ ಕಾಲದಿಂದ ಯಾರ ಲೆಕ್ಕಕ್ಕೆ ಬಿದ್ದಿದೆ ಎಂದು ನಮಗೆ ಗೊತ್ತು. ಈಗ ನಮ್ಮಲ್ಲೂ ಕೆಲವರು ತಾರಸಿ ಮನೆ ಕಟ್ಟಿದ್ದೇವೆ. ಆದ್ದರಿಂದ ಈ ಪ್ರಶ್ನೆ ಇನ್ನು ಮುಂದೆ ನಮ್ಮನ್ನೂ ಕೇಳುತ್ತದೆ.

ಇಂದು ಯಾವುದೇ ಒಳ್ಳೆಯ ಕೆಲಸಕ್ಕೆ ಕೈ ಹಾಕುವ ಮೊದಲು ಎರಡು ನಿಮಿಷ ಕಣ್ಣು ಮುಚ್ಚಿ ಕೂರೋಣ. ಇದರ ಖರ್ಚು ಯಾರು ಕೊಡುತ್ತಿದ್ದಾರೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಖರ್ಚು ನಮ್ಮದೇ ಆಗಿದ್ದರೆ ಸಂತೋಷದಿಂದ ಮಾಡೋಣ. ಇನ್ನೊಬ್ಬರದಾಗಿದ್ದರೆ ಮೊದಲು ಅವರ ಮನೆ ಬಾಗಿಲಿಗೆ ಹೋಗೋಣ.

ಎಲ್ಲ ಮನುಷ್ಯರಿಗೂ ಎಲ್ಲ ಜೀವಿಗಳಿಗೂ ಒಳಿತಾಗಲಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.